ಬಾವಿಗೂ ಗೊತ್ತು, ಪ್ರಯೋಗಾಲಯಕ್ಕೂ ಗೊತ್ತು

ಕೊಯಮತ್ತೂರಿನಿಂದ ತಿರುಚ್ಚಿ ರಸ್ತೆ ಹಿಡಿದು ಪೂರ್ವಕ್ಕೆ ಹೊರಟರೆ ಅರ್ಧ ಗಂಟೆ ದಾಟುವಷ್ಟರಲ್ಲಿ ಸೂಲೂರು ಸಿಗುತ್ತದೆ. ವಾಯುಪಡೆಯ ನೆಲೆಯಿಂದಾಗಿ ಊರಿನ ಹೆಸರು ದೇಶಕ್ಕೆಲ್ಲ ಪರಿಚಿತ. ಆದರೆ ಇಲ್ಲಿನವರ ಬದುಕು ನಿಂತಿರುವುದು ನೊಯ್ಯಲ್ ಹೊಳೆಯಿಂದ ತುಂಬುವ ಕೆರೆಗಳ ಮೇಲೆ, ಜೋಳ ಮತ್ತು ತೆಂಗಿನ ಮೇಲೆ, ಸೋಮನೂರು, ಕರುಮತ್ತಂಪಟ್ಟಿಗಳಿಂದ ಪಲ್ಲಡಂವರೆಗೆ ಹಬ್ಬಿರುವ ವಿದ್ಯುತ್ ಮಗ್ಗಗಳ ಮೇಲೆ. ಹೊಳೆಯ ಮೇಲಕ್ಕೆ ಕೊಯಮತ್ತೂರು ಮಹಾನಗರ, ಕೆಳಕ್ಕೆ ತಿರುಪ್ಪೂರಿನ ಹೊಸೈರಿ ಉದ್ಯಮ. ಎರಡು ದೊಡ್ಡ ನಗರಗಳ ನಡುವೆ ಸಿಕ್ಕಿಕೊಂಡ ಈ ಪಟ್ಟಿಯಲ್ಲಿ ಈಗ ಕಾಣುತ್ತಿರುವ ಕೆಲವು ಗುರುತುಗಳು ನಮ್ಮನ್ನು ಕಳವಳಕ್ಕೆ ಈಡುಮಾಡಿವೆ. ಇನ್ನೂ ಕಾಲ ಮೀರಿಲ್ಲ. ಆ ಕಾರಣಕ್ಕೇ ಇವತ್ತು ಇದನ್ನು ಬರೆಯುತ್ತಿದ್ದೇವೆ.

ಗುರುತುಗಳು ಇಲ್ಲಿನ ಯಾರಿಗೂ ಹೊಸವಲ್ಲ. ಮಳೆನೆರಳಿನ ಈ ಸೀಮೆಯಲ್ಲಿ ಬೇಸಗೆಗೆ ಬತ್ತುತ್ತಿದ್ದ ಹೊಳೆಯಲ್ಲಿ ಈಗ ಹನ್ನೆರಡು ತಿಂಗಳೂ ನೀರು ಹರಿಯುತ್ತದೆ. ಅದರಲ್ಲಿ ಬಹುಪಾಲು ಕೊಯಮತ್ತೂರಿನ ಚರಂಡಿಯದು. ಕೆರೆ ತುಂಬಿದೆ ಎಂದು ಸಂತೋಷಪಡುವ ಹೊತ್ತಿಗೆ ಅದರ ಮೇಲೆ ಅಂತರಗಂಗೆ ಹಬ್ಬಿರುತ್ತದೆ, ಕೋಡಿಯಲ್ಲಿ ನೊರೆ ಏಳುತ್ತದೆ. ಇನ್ನೊಂದು ಕಡೆ ಮಗ್ಗದ ಶೆಡ್ಡುಗಳಿಂದ ಮಗ್ಗಗಳು ತೂಕದ ಲೆಕ್ಕದಲ್ಲಿ ಗುಜರಿಗೆ ಹೋಗುತ್ತಿವೆ. ಶೆಡ್ಡುಗಳ ಪಕ್ಕದ ವಠಾರಗಳಲ್ಲಿ ಒಡಿಯಾ, ಹಿಂದಿ, ಬಂಗಾಳಿ ಮಾತಾಡುವ ಸಂಸಾರಗಳು ನೆಲೆಸಿವೆ. ಅವರ ಮಕ್ಕಳು ಯಾವ ಶಾಲೆಗೆ ಹೋಗುತ್ತಾರೆ, ಹೋಗುತ್ತಾರೋ ಇಲ್ಲವೋ ಎಂಬ ಪ್ರಶ್ನೆಗೆ ಸುಲಭದ ಉತ್ತರವಿಲ್ಲ.

ಇದೇ ಪಟ್ಟಿಯಲ್ಲಿ, ಅವಿನಾಶಿ ರಸ್ತೆಯ ಬದಿಯಲ್ಲೂ ತಿರುಚ್ಚಿ ರಸ್ತೆಯ ಬದಿಯಲ್ಲೂ, ಸಾಲುಸಾಲು ಕಾಲೇಜುಗಳಿವೆ. ತಮಿಳುನಾಡು ಕೃಷಿ ವಿಶ್ವವಿದ್ಯಾಲಯ, ಭಾರತಿಯಾರ್ ವಿಶ್ವವಿದ್ಯಾಲಯ, ಅವಿನಾಶಿಲಿಂಗಂ ಮಹಿಳಾ ಸಂಸ್ಥೆ, ಎಂಜಿನಿಯರಿಂಗ್ ಮತ್ತು ಜವಳಿ ತಂತ್ರಜ್ಞಾನದ ಹತ್ತಾರು ಕಾಲೇಜುಗಳು. ನೀರು ಅಳೆಯಬಲ್ಲವರು, ಕೂಲಿಯ ಲೆಕ್ಕ ಹಾಕಬಲ್ಲವರು, ಮಗುವಿನ ಪೌಷ್ಟಿಕತೆ ನೋಡಬಲ್ಲವರು ಬಸ್ಸಿನ ದಾರಿಯಲ್ಲೇ ಇದ್ದಾರೆ. ದೇಶದ ಬೇರೆ ಹಳ್ಳಿಗಾಡುಗಳಿಗೆ ಸಿಗದ ಭಾಗ್ಯವಿದು. ಇಷ್ಟು ಜನ ಕೂಗಳತೆಯಲ್ಲಿದ್ದೂ ಕೆಡುಕು ಬರುವ ಮೊದಲೇ ಊರಿಗೆ ಹೇಳುವವರು ಯಾಕಿಲ್ಲ ಎಂಬುದು ನಮ್ಮ ಪ್ರಶ್ನೆ. ಹೇಳದೆ ಹೋದರೆ ಏನಾಗುತ್ತದೆ ಎಂಬುದನ್ನು ಇದೇ ಹೊಳೆ ಒಮ್ಮೆ ತೋರಿಸಿಕೊಟ್ಟಿದೆ.

ವೆಳ್ಳಿಯಂಗಿರಿ ಬೆಟ್ಟದಲ್ಲಿ ಹುಟ್ಟುವ ನೊಯ್ಯಲ್, ಕೊಯಮತ್ತೂರು, ತಿರುಪ್ಪೂರು ದಾಟಿ ಈರೋಡು ಮತ್ತು ಕರೂರು ಸೀಮೆಯಲ್ಲಿ ಕಾವೇರಿಗೆ ಸೇರುತ್ತದೆ. ತಿರುಪ್ಪೂರಿನ ಕೆಳಗೆ, ಚೆನ್ನಿಮಲೆಯ ಹತ್ತಿರ, ಒರತ್ತುಪಾಳಯಂ ಅಣೆಕಟ್ಟು ಕೆಲಸಕ್ಕೆ ಬಂದದ್ದು 1992ರಲ್ಲಿ. ಸುಮಾರು 20,000 ಎಕರೆಗೆ ನೀರು ಕೊಡುವ ಉದ್ದೇಶದಿಂದ ಕಟ್ಟಿದ್ದು. ತಿರುಪ್ಪೂರಿನ ಬನಿಯನ್ ಮತ್ತು ಟೀ ಶರ್ಟ್ ರಫ್ತು ಮೇಲೇರಿದ್ದೂ ಅದೇ ದಶಕದಲ್ಲಿ. ಬಟ್ಟೆಯನ್ನು ಬಿಳಿ ಮಾಡಲು, ಬಣ್ಣ ಹಿಡಿಸಲು ರಾಶಿ ರಾಶಿ ಉಪ್ಪು ಬೇಕು. ಬಣ್ಣದ ಜೊತೆ ಆ ಉಪ್ಪೂ ಹೊಳೆಗೆ ಬಂತು. ಅಣೆಕಟ್ಟು ನೀರಾವರಿಯ ಜಲಾಶಯವಾಗುವ ಬದಲು ಡೈಯಿಂಗ್ ಘಟಕಗಳ ಕೊಳೆ ನಿಲ್ಲುವ ತೊಟ್ಟಿಯಾಯಿತು. ಮೀನು ಸತ್ತವು, ಬಾವಿ ಉಪ್ಪಾದವು. ಕೊನೆಗೆ ಯಾವ ರೈತರಿಗಾಗಿ ಅಣೆ ಕಟ್ಟಿದ್ದರೋ ಅದೇ ರೈತರು ‘ಗೇಟು ತೆಗೆಯಬೇಡಿ, ನಮ್ಮ ಹೊಲಕ್ಕೆ ಈ ನೀರು ಬಿಡಬೇಡಿ’ ಎಂದು ಬೇಡಿಕೊಳ್ಳುವ ಸ್ಥಿತಿ ಬಂತು. ನೀರಾವರಿಯ ಚರಿತ್ರೆಯಲ್ಲಿ ಇದಕ್ಕಿಂತ ನೋವಿನ ಬೇಡಿಕೆ ಇನ್ನೊಂದು ಇದ್ದೀತೆಂದು ನಮಗೆ ಅನ್ನಿಸುವುದಿಲ್ಲ.

ರೈತರು ಹೈಕೋರ್ಟಿಗೆ ಹೋದರು. ನೊಯ್ಯಲ್ ನದಿ ಅಚ್ಚುಕಟ್ಟುದಾರರ ಸಂರಕ್ಷಣಾ ಸಂಘ ವರ್ಷಗಟ್ಟಲೆ ಹಟ ಹಿಡಿದು ಮೊಕದ್ದಮೆ ನಡೆಸಿತು. 2006ರಲ್ಲಿ ಮದ್ರಾಸ್ ಹೈಕೋರ್ಟ್ ಕೊಟ್ಟ ಆದೇಶವನ್ನು 2009ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಆದರೂ ಹೊಳೆಗೆ ಕೊಳೆ ಬರುವುದು ನಿಲ್ಲಲಿಲ್ಲ. 2011ರ ಜನವರಿ 28ರಂದು ಹೈಕೋರ್ಟ್ ತಿರುಪ್ಪೂರಿನ ಡೈಯಿಂಗ್, ಬ್ಲೀಚಿಂಗ್ ಘಟಕಗಳನ್ನೆಲ್ಲ ಮುಚ್ಚಲು ಆದೇಶಿಸಿತು. ಒಂದು ಹನಿ ಕೊಳೆಯೂ ಹೊರಗೆ ಬಾರದ ವ್ಯವಸ್ಥೆ ಮಾಡಿಕೊಂಡವರಿಗೆ ಮಾತ್ರ ಮತ್ತೆ ಬಾಗಿಲು ತೆರೆಯುವ ಅವಕಾಶ ಎಂದಿತು. ಆ ದಿನ ಸಾವಿರಾರು ಕೂಲಿಯವರ ಒಲೆಗೂ ಬೀಗ ಬಿತ್ತು. ಅಣೆಕಟ್ಟು ಬಂದು ಆಗಲೇ ಹತ್ತೊಂಬತ್ತು ವರ್ಷವಾಗಿತ್ತು. ನೆಲ ಕಳೆದುಕೊಂಡ ರೈತನೂ ಸೋತ, ಕೆಲಸ ಕಳೆದುಕೊಂಡ ಕಾರ್ಮಿಕನೂ ಸೋತ, ಕೋಟಿಗಟ್ಟಲೆ ಸಾಲ ಮಾಡಿ ಶುದ್ಧೀಕರಣ ಘಟಕ ಕಟ್ಟಬೇಕಾದ ಸಣ್ಣ ಮಾಲೀಕನೂ ಸೋತ.

ಈ ಹತ್ತೊಂಬತ್ತು ವರ್ಷಗಳಲ್ಲಿ ನೊಯ್ಯಲ್ ನೀರಿನ ಮೇಲೆ ಸಂಶೋಧನೆ ನಡೆಯದೇ ಇರಲಿಲ್ಲ. ಉಪ್ಪಿನ ಅಂಶ, ಲೋಹದ ಅಂಶ, ಬಾವಿಗಳ ಆಳ, ಮಣ್ಣಿನ ಗುಣ ಎಲ್ಲವನ್ನೂ ಅಳೆದವರಿದ್ದರು, ಪ್ರಬಂಧಗಳು ಬಂದವು, ಪದವಿಗಳು ಬಂದವು. ಹಳ್ಳಿಯವರಿಗೂ ತಿಳಿದಿತ್ತು. ದನ ಮೂಸಿ ನೋಡಿ ಬಿಟ್ಟುಬಿಟ್ಟ ನೀರು ಕೆಟ್ಟದ್ದು ಎಂದು ತಿಳಿಯಲು ಯಂತ್ರ ಬೇಕಿಲ್ಲ. ತಿಳಿದ ಈ ಎರಡು ಕಡೆಯವರು ಒಂದೇ ಜಗಲಿಯಲ್ಲಿ ಕೂತು ಒಂದೇ ಕಾಗದಕ್ಕೆ ರುಜು ಹಾಕಲಿಲ್ಲ. ಹಾಗೆ ಹಾಕಿದ್ದರೆ ಆ ಕಾಗದ ಪಂಚಾಯಿತಿಯಿಂದ ಜಿಲ್ಲಾಧಿಕಾರಿಗೆ, ಅಲ್ಲಿಂದ ಮಾಲಿನ್ಯ ನಿಯಂತ್ರಣ ಮಂಡಳಿಗೆ ತೊಂಬತ್ತರ ದಶಕದ ನಡುವಿನಲ್ಲೇ ಹೋಗಿ ಮುಟ್ಟಬಹುದಿತ್ತು.

ಹೀಗೆ ಹೇಳಿದ ಕೂಡಲೇ ಇನ್ನೊಂದು ಕಥೆಯನ್ನೂ ಹೇಳದಿದ್ದರೆ ಅನ್ಯಾಯವಾಗುತ್ತದೆ. ಅದೂ ಇದೇ ಕೊಯಮತ್ತೂರಿನದು.

2008ರ ಜುಲೈಯಲ್ಲಿ ಕೊಯಮತ್ತೂರಿನ ಪಪ್ಪಾಯ ಗಿಡಗಳ ಮೇಲೆ ಬಿಳಿ ಹಿಟ್ಟು ಚೆಲ್ಲಿದಂತೆ ಒಂದು ಕೀಟ ಕಾಣಿಸಿಕೊಂಡಿತು. ಪಪ್ಪಾಯ ಹಿಟ್ಟು ತಿಗಣೆ. ಭಾರತದಲ್ಲಿ ಅದು ಮೊದಲು ದಾಖಲಾದದ್ದು ಇಲ್ಲೇ. ಮೂಲ ಊರು ಮೆಕ್ಸಿಕೊ ಮತ್ತು ಮಧ್ಯ ಅಮೆರಿಕದ ಕಡೆ. ಇಲ್ಲಿ ಅದನ್ನು ತಿನ್ನುವ ಶತ್ರು ಇರಲಿಲ್ಲ. ಪಪ್ಪಾಯದಿಂದ ಹಿಪ್ಪುನೇರಳೆಗೆ, ಮರಗೆಣಸಿಗೆ, ಹತ್ತಿಗೆ, ದಾಸವಾಳಕ್ಕೆ ಹಬ್ಬಿತು. ರೇಷ್ಮೆ ಬೆಳೆಗಾರರು ಸೊಪ್ಪಿಲ್ಲದೆ ಹುಳು ಸಾಕುವುದನ್ನೇ ಬಿಟ್ಟರು. ಔಷಧಿ ಹೊಡೆದಷ್ಟೂ ಮೇಣದ ಹೊದಿಕೆಯೊಳಗೆ ತಿಗಣೆ ಸುರಕ್ಷಿತವಾಗಿ ಉಳಿಯಿತು. ಔಷಧಿಗೆ ಹಾಕಿದ ದುಡ್ಡು ಮಾತ್ರ ಹೋಯಿತು.

ಕೃಷಿ ವಿಶ್ವವಿದ್ಯಾಲಯದ ಕೀಟತಜ್ಞರು ಕೈಕಟ್ಟಿ ಕೂರಲಿಲ್ಲ. ಬೆಂಗಳೂರಿನ ಹೆಬ್ಬಾಳದಲ್ಲಿರುವ ರಾಷ್ಟ್ರೀಯ ಕೃಷಿ ಕೀಟ ಸಂಸ್ಥೆ, ಅಮೆರಿಕದ ಕೃಷಿ ಇಲಾಖೆ, ವರ್ಜೀನಿಯಾ ಟೆಕ್ ವಿಶ್ವವಿದ್ಯಾಲಯದ ಆರ್. ಮುನಿಯಪ್ಪನ್ ಅವರಂಥ ವಿಜ್ಞಾನಿಗಳು ಒಂದಾದರು. 2010ರಲ್ಲಿ ಪೋರ್ಟೊ ರಿಕೊದಿಂದ ಮೂರು ಜಾತಿಯ ಪುಟ್ಟ ಪರಾವಲಂಬಿ ಕಣಜಗಳನ್ನು ತರಿಸಿಕೊಂಡರು. ಅವುಗಳಲ್ಲಿ ಅಸಿರೋಫಾಗಸ್ ಪಪಾಯೆ ಎಂಬುದು ತಿಗಣೆಯ ಮೈಯೊಳಗೇ ಮೊಟ್ಟೆಯಿಟ್ಟು ಅದನ್ನು ಮುಗಿಸುತ್ತದೆ. ಪ್ರಯೋಗಾಲಯಗಳಲ್ಲಿ ಈ ಕಣಜವನ್ನು ಸಾಕಿ, ರೈತರ ಕೈಗೆ ಕೊಟ್ಟು, ಹೊಲಗಳಲ್ಲಿ ಬಿಡಿಸಿದರು. ರೈತರಿಗೆ ಹೇಳಿಕೊಟ್ಟ ಪಾಠವೂ ಕಷ್ಟದ್ದೇ ಆಗಿತ್ತು: ಕಣಜ ಬಿಟ್ಟ ಮೇಲೆ ಔಷಧಿ ಹೊಡೆಯಬೇಡಿ, ತಾಳ್ಮೆಯಿಂದಿರಿ. ಬೆಳೆ ಕಣ್ಣೆದುರು ಹಾಳಾಗುತ್ತಿರುವಾಗ ಪಂಪು ಕೆಳಗಿಡುವುದೆಂದರೆ ಸಣ್ಣ ಮಾತಲ್ಲ. ರೈತರು ನಂಬಿದರು. ವರ್ಷದೊಳಗೆ ತಿಗಣೆ ಹತೋಟಿಗೆ ಬಂತು. ಕರ್ನಾಟಕದ ಹಿಪ್ಪುನೇರಳೆ ತೋಟಗಳಿಗೂ ಅದೇ ಕಣಜದ ಉಪಕಾರವಾಯಿತು.

ತಿಗಣೆಗೆ ಎರಡೇ ವರ್ಷದಲ್ಲಿ ಮದ್ದು ಸಿಕ್ಕಿತು. ಹೊಳೆಗೆ ಹತ್ತೊಂಬತ್ತು ವರ್ಷದ ಮೇಲೂ ಸಿಕ್ಕಿರಲಿಲ್ಲ. ವಿಜ್ಞಾನದ ಕೊರತೆ ಇದಕ್ಕೆ ಕಾರಣವಲ್ಲ. ಉಪ್ಪು ನೀರನ್ನು ಗುರುತಿಸುವುದು ಕಣಜ ಸಾಕುವುದಕ್ಕಿಂತ ಎಷ್ಟೋ ಸುಲಭ. ತಿಗಣೆಗೆ ಮಾಲೀಕರಿರಲಿಲ್ಲ. ಅದನ್ನು ಸಾಯಿಸಿದರೆ ಯಾರ ಲಾಭಕ್ಕೂ ಕುತ್ತಿರಲಿಲ್ಲ, ಯಾರೂ ಕುಲಪತಿಗೆ ಫೋನು ಮಾಡುತ್ತಿರಲಿಲ್ಲ. ಹೊಳೆಯ ಕೊಳೆಯ ಹಿಂದೆ ಇಡೀ ಜಿಲ್ಲೆಗೆ ಅನ್ನ ಕೊಡುವ ಉದ್ಯಮ ನಿಂತಿತ್ತು. ಅಲ್ಲಿ ಬಾಯಿ ತೆರೆಯಲು ಜ್ಞಾನದ ಜೊತೆಗೆ ಬೆನ್ನೆಲುಬೂ ಬೇಕಿತ್ತು. ವಿಶ್ವವಿದ್ಯಾಲಯ ಮತ್ತು ಸಮುದಾಯದ ಸಹಯೋಗ ಎಂದು ನಾವು ಇಂದು ಸಭೆಗಳಲ್ಲಿ ಕೇಳುವ ಮಾತಿನ ನಿಜವಾದ ಪರೀಕ್ಷೆ ನಡೆಯುವುದು ಇಂಥ ಕಡೆಯಲ್ಲೇ. ಯಾರ ವಿರೋಧವೂ ಇಲ್ಲದ ಸಮಸ್ಯೆಯಲ್ಲಿ ಸಹಯೋಗ ತಾನಾಗಿಯೇ ಆಗುತ್ತದೆ.

ಕೊಯಮತ್ತೂರಿನಲ್ಲಿ ಇದು ಇನ್ನೂ ಸೂಕ್ಷ್ಮ. ಇಲ್ಲಿನ ಹೆಸರಾಂತ ಕಾಲೇಜುಗಳಲ್ಲಿ ಹಲವನ್ನು ಕಟ್ಟಿದ್ದು ಗಿರಣಿ ಮಾಲೀಕರ ಧರ್ಮಸಂಸ್ಥೆಗಳು. 1926ರಲ್ಲೇ ಹುಟ್ಟಿದ ಪಿಎಸ್‌ಜಿ ಧರ್ಮಸಂಸ್ಥೆಯಿಂದ ಹಿಡಿದು ಎಷ್ಟೋ ಉದಾಹರಣೆಗಳಿವೆ. ಉದ್ಯಮದ ಸಂಪತ್ತು ವಿದ್ಯೆಯಾಗಿ ಮರಳಿದ ಈ ಪರಂಪರೆಯ ಬಗ್ಗೆ ನಮಗೆ ಗೌರವವಿದೆ. ಮಾಲೀಕನನ್ನೂ ರೈತನನ್ನೂ ಒಂದೇ ಕೋಣೆಯಲ್ಲಿ ಕೂರಿಸುವ ಶಕ್ತಿ ಇಂಥ ಸಂಸ್ಥೆಗಳಿಗೆ ಇರುವಷ್ಟು ಸರ್ಕಾರಿ ಕಚೇರಿಗೂ ಇಲ್ಲ. ಆ ಶಕ್ತಿಯನ್ನು ಅವು ಈಗ ಬಳಸಬೇಕು.

ಮುನ್ಸೂಚನೆ ಕೇಳಿಸದೆ ಹೋದರೆ ಬೆಲೆ ತೆರುವವರು ಯಾರು ಎಂಬುದು ಕನ್ನಡಿಗರಿಗೆ ಕಾಸರಗೋಡಿನಿಂದ ಗೊತ್ತಿದೆ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯುತ್ತಿದ್ದ ಕಾಲದಲ್ಲಿ, 1980ರ ದಶಕದ ಆರಂಭದಲ್ಲೇ, ಪಡ್ರೆಯ ರೈತ ಮತ್ತು ಪತ್ರಕರ್ತ ಶ್ರೀಪಡ್ರೆ ಅವರು ಅಂಗವಿಕಲವಾಗಿ ಹುಟ್ಟುತ್ತಿದ್ದ ಕರುಗಳ ಬಗ್ಗೆ ಬರೆದರು. ಅದೇ ಊರಿನ ವೈದ್ಯ ಡಾ. ವೈ.ಎಸ್. ಮೋಹನ್ ಕುಮಾರ್ ತಮ್ಮ ಪುಟ್ಟ ಚಿಕಿತ್ಸಾಲಯಕ್ಕೆ ಬರುವ ರೋಗಿಗಳಲ್ಲಿ ಏನೋ ಸರಿಯಿಲ್ಲ ಎಂದು ಗುರುತಿಸಿ ಪತ್ರ ಬರೆದರು. ಆಕಾಶದಿಂದ ಸಿಂಪಡಿಸುವುದು ನಿಂತದ್ದು ಹೊಸ ಶತಮಾನದ ಹೊಸ್ತಿಲಲ್ಲಿ. ದೊಡ್ಡ ಸಂಸ್ಥೆಗಳ ಅಧ್ಯಯನ ತಂಡಗಳು ಬಂದದ್ದೂ ಬಹುಮಟ್ಟಿಗೆ ಆಗಲೇ. ಅಷ್ಟರಲ್ಲಿ ಒಂದು ತಲೆಮಾರು ಹುಟ್ಟಿ ಮುಗಿದಿತ್ತು. ಹಳ್ಳಿಯ ಒಬ್ಬ ವೈದ್ಯನ ಸಂದೇಹವನ್ನು ಆ ವರ್ಷವೇ ಕೈಗೆತ್ತಿಕೊಳ್ಳುವ ವಿಶ್ವವಿದ್ಯಾಲಯ ಹತ್ತಿರದಲ್ಲಿದ್ದಿದ್ದರೆ ಎಷ್ಟು ಮಕ್ಕಳ ಬದುಕು ಬೇರೆಯಾಗುತ್ತಿತ್ತು ಎಂದು ಯೋಚಿಸಿದರೆ ಇಂದಿಗೂ ಎದೆ ಭಾರವಾಗುತ್ತದೆ.

ಸೂಲೂರಿನ ಕೆರೆಗಳ ಸಮಸ್ಯೆಗೆ ಹತ್ತಿರದ ಹೋಲಿಕೆ ನಮ್ಮ ಕೋಲಾರದಲ್ಲಿದೆ. ಬೆಂಗಳೂರಿನ ಕೋರಮಂಗಲ ಮತ್ತು ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ಕೊಳಚೆ ನೀರು 2018ರಿಂದ ಕೋಲಾರದ ಕೆರೆಗಳಿಗೆ ಹರಿಯುತ್ತಿದೆ. ಆರಂಭದಲ್ಲೇ ಲಕ್ಷ್ಮೀಸಾಗರ ಕೆರೆಯಲ್ಲಿ ನೊರೆ ಎದ್ದಿತು, ಹೈಕೋರ್ಟ್ ತಡೆ ಕೊಟ್ಟಿತು, ಬಳಿಕ ಸುಪ್ರೀಂ ಕೋರ್ಟಿನಲ್ಲಿ ಯೋಜನೆಗೆ ದಾರಿಯಾಯಿತು. ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳಲ್ಲೇ ಒಬ್ಬರು ಎಚ್ಚರಿಕೆ ಹೇಳಿದರು, ಇನ್ನೊಬ್ಬರು ಅಂತರ್ಜಲ ಏರಿದ್ದನ್ನು ತೋರಿಸಿದರು. ಎರಡೂ ನಿಜವಿರಬಹುದು. ಬಾವಿಯ ನೀರು ಮೇಲೆ ಬರುವುದು ಒಂದು, ಆ ನೀರಿನಲ್ಲಿ ಏನಿದೆ ಎಂಬುದು ಇನ್ನೊಂದು. ಮೂರನೇ ಹಂತದ ಶುದ್ಧೀಕರಣ ಮಾಡಿ ಕೊಡಿ ಎಂಬ ಕೋಲಾರದ ರೈತರ ಬೇಡಿಕೆ ಇನ್ನೂ ಜೀವಂತವಾಗಿದೆ. ಕೋಲಾರದಲ್ಲಿ ಕನಿಷ್ಠ ಒಂದು ಯೋಜನೆ ಇದೆ, ಅದಕ್ಕೊಂದು ಹೆಸರಿದೆ, ಪ್ರಶ್ನಿಸಲು ಒಂದು ಇಲಾಖೆಯಿದೆ. ನೊಯ್ಯಲ್ ದಂಡೆಯ ಕೆರೆಗಳಿಗೆ ಕೊಳಚೆ ಯಾವ ಯೋಜನೆಯೂ ಇಲ್ಲದೆ ತಾನಾಗಿ ಬರುತ್ತಿದೆ. ಕೊಯಮತ್ತೂರು ಬೆಳೆದಷ್ಟೂ ಅದು ಹೆಚ್ಚುತ್ತದೆ. ಜಿಲ್ಲೆಯ ಬಹುಭಾಗ ಅಂತರ್ಜಲದ ಅತಿಬಳಕೆಯ ಪಟ್ಟಿಯಲ್ಲಿರುವುದರಿಂದ ಕೆರೆಯಿಂದ ಇಂಗಿದ ಯಾವ ನೀರೇ ಆಗಲಿ ಕೊಳವೆಬಾವಿಗಳಿಗೆ ಎಳೆಯಲ್ಪಡುತ್ತದೆ. ತೆಂಗಿನ ಬುಡಕ್ಕೂ ಹಸುವಿನ ಬಾನಿಗೂ ಅದೇ ನೀರು. ಹತ್ತು ವರ್ಷದ ನಂತರ ಇನ್ನೊಂದು ನ್ಯಾಯಾಲಯದ ಬಾಗಿಲಲ್ಲಿ ಇನ್ನೊಂದು ರೈತರ ಸಂಘ ನಿಲ್ಲುವುದು ಬೇಡವೆಂದರೆ ಅಳತೆ ಈಗಲೇ ಆರಂಭವಾಗಬೇಕು. ಆ ಅಳತೆ ಊರಿನ ಕೈಯಲ್ಲೂ ಇರಬೇಕು.

ಒಂದು ಒಳ್ಳೆಯ ಅವಕಾಶವೂ ಎದುರಿಗಿದೆ. ದಶಕಗಳ ಹೋರಾಟದ ಬಳಿಕ ಅತ್ತಿಕ್ಕಡವು-ಅವಿನಾಶಿ ಯೋಜನೆ 2024ರ ಆಗಸ್ಟ್ 17ರಂದು ಉದ್ಘಾಟನೆಯಾಯಿತು. ಭವಾನಿ ನದಿಯ ಹೆಚ್ಚುವರಿ ನೀರನ್ನು ಕಾಲಿಂಗರಾಯನ್ ಅಣೆಯ ಕೆಳಗಿನಿಂದ ಎತ್ತಿ ಕೊಯಮತ್ತೂರು, ತಿರುಪ್ಪೂರು, ಈರೋಡು ಜಿಲ್ಲೆಗಳ 1,045 ಕೆರೆಕಟ್ಟೆಗಳಿಗೆ ಕೊಳವೆಯಲ್ಲಿ ತುಂಬಿಸುವ ಯೋಜನೆ. ಖರ್ಚು 1,900 ಕೋಟಿ ರೂಪಾಯಿಗೂ ಹೆಚ್ಚು. ತುಂಬಿದ ಕೆರೆಯ ಸುತ್ತಲಿನ ಬಾವಿಗಳಲ್ಲಿ ಎಷ್ಟು ನೀರು ಏರಿತು, ಅದರ ಗುಣ ಹೇಗಿದೆ, ಯಾವ ಬಡಾವಣೆಯ ಚರಂಡಿ ಯಾವ ಕೆರೆಗೆ ಬಂದು ಬೀಳುತ್ತಿದೆ ಎಂದು ಬರೆದಿಡುವ ಕೆಲಸವನ್ನು ಮೂರು ಜಿಲ್ಲೆಗಳ ಕಾಲೇಜುಗಳು ಹಂಚಿಕೊಂಡರೆ ಯಾರಿಗೂ ಹೊರೆಯಾಗುವುದಿಲ್ಲ. ರಸಾಯನಶಾಸ್ತ್ರದ ಎರಡನೇ ವರ್ಷದ ವಿದ್ಯಾರ್ಥಿ ಮಾಡಬಲ್ಲ ಕೆಲಸವಿದು. ಕೊಯಮತ್ತೂರಿನಲ್ಲಿ 2003ರಿಂದ ಕೆರೆಗಳ ಹೂಳೆತ್ತುತ್ತ ಬಂದಿರುವ ಸಿರುತುಳಿಯಂಥ ಸಂಸ್ಥೆಗಳಿವೆ. ನೊಯ್ಯಲ್‌ನ ಉಪನದಿ ಕೌಶಿಕಾ ಹರಿವಿನ ಜಾಡನ್ನು ಬಿಡಿಸುತ್ತಿರುವ ಸ್ಥಳೀಯ ಸ್ವಯಂಸೇವಕರಿದ್ದಾರೆ. ನೆಲ ಬಲ್ಲವರು, ಕೈಕೆಸರು ಮಾಡಿಕೊಳ್ಳಲು ಹಿಂಜರಿಯದವರು ಊರಲ್ಲೇ ಸಿದ್ಧವಾಗಿದ್ದಾರೆ.

ಸಮುದಾಯದ ಜೊತೆ ಕೆಲಸ ಮಾಡುವುದನ್ನು ಕಾಗದದ ಮೇಲೆ ಸರ್ಕಾರ ಒಪ್ಪಿಕೊಂಡಿದೆ. 2014ರಲ್ಲಿ ಉನ್ನತ ಭಾರತ ಅಭಿಯಾನ ಬಂತು. ಸೇರಿದ ಪ್ರತಿ ಸಂಸ್ಥೆಯೂ ಕನಿಷ್ಠ ಐದು ಹಳ್ಳಿಗಳನ್ನು ದತ್ತು ತೆಗೆದುಕೊಳ್ಳಬೇಕು. ವಿಶ್ವವಿದ್ಯಾಲಯ ಅನುದಾನ ಆಯೋಗ ಸಮುದಾಯದ ಒಡನಾಟವನ್ನು ಎರಡು ಕ್ರೆಡಿಟ್‌ಗಳ ಪಾಠವಾಗಿ ಸೇರಿಸಲು ಹೇಳಿದೆ. ರಾಷ್ಟ್ರೀಯ ಸೇವಾ ಯೋಜನೆ 1969ರಿಂದಲೇ ಇದೆ. ಕೃಷಿ ಪದವಿಯ ವಿದ್ಯಾರ್ಥಿಗಳು ಕೊನೆಯ ವರ್ಷ ಹಳ್ಳಿಯಲ್ಲಿದ್ದು ಕಲಿಯುವ ಪದ್ಧತಿಯೂ ಹಳೆಯದು. ಇವೆಲ್ಲ ಬೇಕಾದವೇ. ಇಲ್ಲಿ ನಾವು ಎರಡನೆಯ ಎಚ್ಚರಿಕೆಯ ಮಾತು ಹೇಳಬೇಕಾಗಿದೆ. ಕ್ರೆಡಿಟ್ಟಿನ ಅಗತ್ಯದಿಂದ ಹಳ್ಳಿಗೆ ಹೋಗುವ ವಿದ್ಯಾರ್ಥಿಗಳ ಸಂಖ್ಯೆ ಇನ್ನು ಮುಂದೆ ವರ್ಷ ವರ್ಷವೂ ಏರುತ್ತದೆ. ಕಾಲೇಜುಗಳು ದಟ್ಟವಾಗಿರುವ ಸೂಲೂರಿನಂಥ ಸೀಮೆಯಲ್ಲಿ ಒಂದೇ ಮನೆಯ ಬಾಗಿಲಿಗೆ ಪ್ರಶ್ನಾವಳಿ ಹಿಡಿದ ನಾಲ್ಕು ಕಾಲೇಜಿನವರು ಬರುವ ದಿನ ದೂರವಿಲ್ಲ. ಮನೆಯಲ್ಲಿ ಎಷ್ಟು ಜನ, ಶೌಚಾಲಯ ಇದೆಯೇ, ಆದಾಯ ಎಷ್ಟು. ಉತ್ತರ ಬರೆದುಕೊಂಡು ಹೋದವರು ಮತ್ತೆ ಬರುವುದಿಲ್ಲ. ಮೂರನೇ ಸಲಕ್ಕೆ ಆ ಮನೆಯಾಕೆ ಬಾಯಿಗೆ ಬಂದ ಉತ್ತರ ಕೊಟ್ಟು ಕಳಿಸುತ್ತಾಳೆ. ನಾಲ್ಕನೇ ಸಲ ಬಾಗಿಲನ್ನೇ ತೆಗೆಯುವುದಿಲ್ಲ. ನಿಜವಾದ ಅಪಾಯ ಬಂದಾಗ, ನಿಜವಾದ ಮಾಹಿತಿ ಬೇಕಾದಾಗ, ಜನರ ನಂಬಿಕೆ ಎಂಬ ಉಪಕರಣ ನಮ್ಮ ಕೈಯಲ್ಲಿ ಉಳಿದಿರುವುದಿಲ್ಲ.

ಆ ನಂಬಿಕೆಯನ್ನು ಉಳಿಸಿಕೊಳ್ಳುವ ಬಗೆಯನ್ನು ಕರ್ನಾಟಕ ಅರ್ಧ ಶತಮಾನದ ಹಿಂದೆಯೇ ತೋರಿಸಿದೆ. 1974ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ಕುಮಾರ್ ಎನ್. ರೆಡ್ಡಿ ಅವರ ಮುಂದಾಳತ್ವದಲ್ಲಿ ‘ಅಸ್ತ್ರ’ ಎಂಬ ವಿಭಾಗ ಹುಟ್ಟಿತು. ಗ್ರಾಮಾಂತರಕ್ಕೆ ವಿಜ್ಞಾನ ಅದರ ಗುರಿ. ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಅದರ ಹಳ್ಳಿಯ ಕೇಂದ್ರ ತೆರೆಯಿತು. ಪಕ್ಕದ ಪುರ ಎಂಬ ಹಳ್ಳಿಯಲ್ಲಿ ವಿಜ್ಞಾನಿಗಳು ಅಡುಗೆಗೆಂದು ಸಮುದಾಯದ ಗೋಬರ್ ಅನಿಲ ಸ್ಥಾವರ ಕಟ್ಟಿದರು. ಅದು ನಿಲ್ಲಲಿಲ್ಲ. ಎಲ್ಲ ಮನೆಗಳ ಅಡುಗೆಗೆ ಸಾಲುವಷ್ಟು ಅನಿಲ ಬರಲಿಲ್ಲ. ಕಾಡು ಮೇಡಿನಲ್ಲಿ ಸೌದೆ ಪುಕ್ಕಟೆ ಸಿಗುತ್ತಿದ್ದ ಕಾಲ, ಅಡುಗೆಯ ಅನಿಲ ಊರಿನವರ ಮೊದಲ ಚಿಂತೆಯೂ ಆಗಿರಲಿಲ್ಲ. ಅವರಿಗೆ ಬೇಕಿದ್ದದ್ದು ಕುಡಿಯುವ ನೀರು. ವಿಜ್ಞಾನಿಗಳು ಅದನ್ನು ಕೇಳಿಸಿಕೊಂಡರು. ಅದೇ ಅನಿಲದಿಂದ ಎಂಜಿನ್ ಓಡಿಸಿ, ವಿದ್ಯುತ್ ತಯಾರಿಸಿ, ಕೊಳವೆಬಾವಿಯಿಂದ ನೀರೆತ್ತಿ ನಲ್ಲಿಗೆ ಬಿಟ್ಟರು, ರಾತ್ರಿ ಮನೆಗಳಿಗೆ ದೀಪ ಕೊಟ್ಟರು. 1987ರಿಂದ ಅದು ವರ್ಷಗಟ್ಟಲೆ ನಡೆಯಿತು. ನಡೆಸಿದವರು ಊರಿನ ಹುಡುಗರೇ. ಸಗಣಿ ತಂದು ಹಾಕಿದವರಿಗೆ ಕೂಲಿ, ಸ್ಥಾವರದಿಂದ ಬಂದ ಗೊಬ್ಬರ ಅವರವರಿಗೇ ವಾಪಸ್ಸು. ಪುರದ ಪಾಠದಲ್ಲಿ ನಮಗೆ ಹಿಡಿಸುವುದು ಆ ಮೊದಲ ಸೋಲು. ಅಲ್ಲಿಗೆ ವರದಿ ಬರೆದು ಬೆಂಗಳೂರಿಗೆ ಹೊರಟುಹೋಗುವುದು ಸುಲಭವಿತ್ತು. ಅವರು ಉಳಿದರು.

ಮಗ್ಗದ ವಿಷಯಕ್ಕೆ ಬರೋಣ. ಕನ್ನಡ ಓದುಗರಿಗೆ ಇಲ್ಲೊಂದು ಹತ್ತಿರದ ನಂಟಿದೆ. ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳ ದೇವಾಂಗ ನೇಕಾರರಲ್ಲಿ ಎಷ್ಟೋ ಸಂಸಾರಗಳ ಮನೆಮಾತು ಕನ್ನಡ. ಶತಮಾನಗಳ ಹಿಂದೆ ಬಂದು, ಚೌಡೇಶ್ವರಿಯನ್ನು ಜೊತೆಗೆ ತಂದು, ಹಾಸು ಹೊಕ್ಕಿನ ಜೊತೆ ಮಾತನ್ನೂ ಕಾಪಾಡಿಕೊಂಡವರು. ಕುಣಿಮಗ್ಗ ಬಿಟ್ಟು ವಿದ್ಯುತ್ ಮಗ್ಗಕ್ಕೆ ಬಂದವರೂ ಅವರಲ್ಲಿದ್ದಾರೆ. ಈ ಸೀಮೆಯ ಮಗ್ಗಗಳಲ್ಲಿ ಹೆಚ್ಚಿನವು ಕೂಲಿಗೆ ನೇಯುವಂಥವು. ನೂಲು ಜವಳಿ ವ್ಯಾಪಾರಿಯದು, ಮಗ್ಗ ಮತ್ತು ಶೆಡ್ಡು ನೇಯುವವನದು, ನೇಯ್ದದ್ದಕ್ಕೆ ಕೂಲಿ. 2014ರಲ್ಲಿ ಒಪ್ಪಿದ ಕೂಲಿ ಸರಿಯಾಗಿ ಸಿಗಲಿಲ್ಲ ಎಂಬ ದೂರು ವರ್ಷಗಟ್ಟಲೆ ಎಳೆಯಿತು. 2021ರ ಕೊನೆಗೆ ಹೊಸ ಒಪ್ಪಂದವಾಗಿ, ಅದೂ ಕೈಗೆ ಬಾರದೆ 2022ರ ಜನವರಿಯಲ್ಲಿ ಮಗ್ಗಗಳು ನಿಂತವು. 2025ರ ವಸಂತದಲ್ಲಿ ಮತ್ತೆ ನಿಂತವು, ಸೋಮನೂರಿನಲ್ಲಿ ನೇಕಾರರು ಉಪವಾಸ ಕೂತರು. ನಡುವೆ 2022ರಲ್ಲಿ ವಿದ್ಯುತ್ ದರ ಏರಿತು. 2023ರಲ್ಲಿ ಎರಡು ತಿಂಗಳಿಗೆ 750 ಯೂನಿಟ್ ಇದ್ದ ಉಚಿತ ವಿದ್ಯುತ್ತನ್ನು ಸರ್ಕಾರ 1,000ಕ್ಕೆ ಏರಿಸಿತು. 2025ರ ಆಗಸ್ಟಿನಲ್ಲಿ ಅಮೆರಿಕ ಭಾರತದ ಸರಕಿಗೆ ಶೇ 50ರ ಸುಂಕ ಹಾಕಿದಾಗ ತಿರುಪ್ಪೂರಿನ ರಫ್ತಿಗೆ ಬಿದ್ದ ಪೆಟ್ಟಿಗೆ ಸುತ್ತಲಿನ ಜವಳಿ ಸೀಮೆಯೆಲ್ಲ ಬೆಚ್ಚಿತು.

ಪ್ರತಿ ಸಲದ ಜಗಳವೂ ಒಂದೇ ಪ್ರಶ್ನೆಯ ಸುತ್ತ ತಿರುಗುತ್ತದೆ: ಒಂದು ಮೀಟರ್ ಬಟ್ಟೆ ನೇಯಲು ನಿಜವಾಗಿ ಎಷ್ಟು ಖರ್ಚು? ವ್ಯಾಪಾರಿ ಒಂದು ಲೆಕ್ಕ ಹೇಳುತ್ತಾನೆ, ನೇಕಾರ ಇನ್ನೊಂದು. ಜಿಲ್ಲಾಧಿಕಾರಿ ನಡುವೆ ಕೂತು ಚೌಕಾಸಿ ಮಾಡಿಸುತ್ತಾರೆ. ಇದೇ ಜಿಲ್ಲೆಯಲ್ಲಿ ವಾಣಿಜ್ಯಶಾಸ್ತ್ರ, ಅರ್ಥಶಾಸ್ತ್ರ, ಜವಳಿ ತಂತ್ರಜ್ಞಾನದ ವಿಭಾಗಗಳು ಎಷ್ಟಿಲ್ಲ! ವಿದ್ಯುತ್, ಲಾಳಿ, ಬಿಡಿಭಾಗ, ಶೆಡ್ಡಿನ ಬಾಡಿಗೆ, ಕೆಲಸದವರ ಸಂಬಳ ಎಲ್ಲ ಸೇರಿಸಿ, ಎರಡೂ ಕಡೆಯವರು ಒಪ್ಪಿದ ರೀತಿಯಲ್ಲಿ, ಮೂರು ತಿಂಗಳಿಗೊಮ್ಮೆ ನೇಯ್ಗೆಯ ಖರ್ಚನ್ನು ಬಹಿರಂಗವಾಗಿ ಪ್ರಕಟಿಸಿದರೆ ಸಾಕು. ಕೂಲಿ ಖರ್ಚಿಗಿಂತ ಕೆಳಗೆ ಇಳಿದ ತಿಂಗಳೇ ಎಲ್ಲರಿಗೂ ತಿಳಿಯುತ್ತದೆ. ಮಗ್ಗ ಗುಜರಿಗೆ ಹೋಗುವವರೆಗೆ ಕಾಯಬೇಕಾಗಿಲ್ಲ. ಪ್ರಾಧ್ಯಾಪಕರಿಗೆ ಇದರಿಂದ ಹೆಸರು ಬರದಿರಬಹುದು. ಶೆಡ್ಡಿನಲ್ಲಿ ನಿಂತಿರುವ ನೇಕಾರನಿಗೆ ಚೌಕಾಸಿಯ ಮೇಜಿನ ಮುಂದೆ ಕೂರುವ ಧೈರ್ಯ ಬರುತ್ತದೆ.

ವಲಸೆ ಕಾರ್ಮಿಕರ ವಿಷಯದಲ್ಲೂ ಎಚ್ಚರಿಕೆಯ ಗಂಟೆ ಒಮ್ಮೆ ಬಾರಿಸಿಯಾಗಿದೆ. 2023ರ ಮಾರ್ಚಿನಲ್ಲಿ ತಮಿಳುನಾಡಿನಲ್ಲಿ ಬಿಹಾರದ ಕಾರ್ಮಿಕರ ಮೇಲೆ ದಾಳಿಯಾಗುತ್ತಿದೆ ಎಂಬ ಸುಳ್ಳು ವಿಡಿಯೊಗಳು ಹಬ್ಬಿದಾಗ ಈ ಸೀಮೆಯ ವಠಾರಗಳಲ್ಲಿ ಭಯ ತುಂಬಿತು, ಬಿಹಾರದಿಂದ ಅಧಿಕಾರಿಗಳ ತಂಡವೇ ಬಂದು ನೋಡಿ ಹೋಯಿತು. ಅವರ ಭಾಷೆಯಲ್ಲಿ, ಅವರು ನಂಬುವ ಬಾಯಿಂದ ‘ಹೆದರಬೇಡಿ’ ಎಂದು ಹೇಳುವವರು ಆ ದಿನ ಎಷ್ಟು ಜನ ಇದ್ದರು? ಕಾಲೇಜುಗಳಲ್ಲಿ ಹಿಂದಿ ವಿಭಾಗಗಳಿವೆ, ಸಮಾಜಕಾರ್ಯ ಕಲಿಯುವವರಿದ್ದಾರೆ, ಉತ್ತರದಿಂದ ಬಂದ ವಿದ್ಯಾರ್ಥಿಗಳೇ ಇದ್ದಾರೆ. ಭಾನುವಾರದ ಒಂದು ಹೊತ್ತು ವಠಾರದ ಮಕ್ಕಳ ಜೊತೆ ಕಳೆಯುವ ಪದ್ಧತಿ ಇದ್ದರೆ ಆ ಮಕ್ಕಳಿಗೆ ತಮಿಳು ಬರುತ್ತದೆ, ಶಾಲೆಯ ದಾರಿ ತೆರೆಯುತ್ತದೆ. ಮುಂದಿನ ವದಂತಿ ಹಬ್ಬಿದಾಗ ಫೋನು ಮಾಡಲು ಪರಿಚಯದ ಒಂದು ಹೆಸರಾದರೂ ಇರುತ್ತದೆ. ಪರಭಾಷೆಯ ನಡುವೆ ಮನೆಮಾತು ಉಳಿಸಿಕೊಂಡು ಬದುಕುವುದು ಎಂದರೆ ಏನೆಂದು ಇಲ್ಲಿನ ಕನ್ನಡದ ಮನೆಗಳಿಗೆ ತಲೆಮಾರುಗಳಿಂದ ಗೊತ್ತು. ಈ ಕೆಲಸಕ್ಕೆ ಅವರು ಮುಂದೆ ಬಂದರೆ ನಮಗೆ ಹೆಮ್ಮೆ.

ನಮ್ಮ ಬೇಡಿಕೆಗಳು ದೊಡ್ಡವಲ್ಲ. ಒಂದು ಹಳ್ಳಿಯ ಬಾವಿ, ಕೆರೆ, ಮಗ್ಗ, ಮಗು ಯಾವುದನ್ನು ಅಳೆದರೂ ಆ ಅಳತೆ ಮೊದಲು ಆ ಹಳ್ಳಿಗೆ ಮರಳಬೇಕು, ತಮಿಳಿನಲ್ಲಿ, ಎಲ್ಲರಿಗೂ ಅರ್ಥವಾಗುವಂತೆ, ಆರು ತಿಂಗಳೊಳಗೆ. ಇದಕ್ಕೆ ಹೊಸ ಕಾನೂನು ಬೇಡ. ತಮಿಳುನಾಡಿನಲ್ಲಿ ವರ್ಷಕ್ಕೆ ಆರು ಸಲ ಗ್ರಾಮಸಭೆ ಕೂರುತ್ತದೆ. ಅದರಲ್ಲಿ ಒಂದು ಮಾರ್ಚ್ 22ರ ವಿಶ್ವ ಜಲ ದಿನದಂದು. ಆ ದಿನ ಪ್ರತಿ ಪಂಚಾಯಿತಿಯಲ್ಲೂ ಹತ್ತಿರದ ಕಾಲೇಜಿನ ಇಬ್ಬರು ವಿದ್ಯಾರ್ಥಿಗಳು, ಒಬ್ಬ ಅಧ್ಯಾಪಕರು ಎದ್ದು ನಿಂತು ಊರಿನ ನೀರಿನ ಲೆಕ್ಕ ಓದಲಿ. ರೈತರು ಪ್ರಶ್ನೆ ಕೇಳಲಿ. ಕೆಟ್ಟದ್ದು ಕಂಡಿದ್ದರೆ ಅದು ಸಭೆಯ ನಿರ್ಣಯವಾಗಿ ದಾಖಲಾಗಲಿ, ಆ ನಿರ್ಣಯದ ಜೊತೆ ವಿಭಾಗದ ಮುಖ್ಯಸ್ಥರ ರುಜು ಇರುವ ವರದಿ ಜಿಲ್ಲಾಡಳಿತಕ್ಕೂ ಮಾಲಿನ್ಯ ನಿಯಂತ್ರಣ ಮಂಡಳಿಗೂ ಹೋಗಲಿ. ಒರತ್ತುಪಾಳಯದಲ್ಲಿ ಬೀಳದೆ ಹೋದ ಆ ರುಜು ಸೂಲೂರಿನಲ್ಲಿ ಬೀಳಲಿ.

ಹಾಗೆ ರುಜು ಹಾಕಿದ ಅಧ್ಯಾಪಕರ ಬೆನ್ನಿಗೆ ಅವರ ಸಂಸ್ಥೆ ನಿಲ್ಲಬೇಕು. ವರದಿ ಬಂದ ಮರುದಿನ ಯಾರಾದರೂ ಪ್ರಭಾವಿಗಳು ಆಡಳಿತ ಮಂಡಳಿಗೆ ಫೋನು ಮಾಡಿಯಾರು. ಆಗ ಏನು ಹೇಳಬೇಕು ಎಂಬುದನ್ನು ಭಾರತಿಯಾರ್ ವಿಶ್ವವಿದ್ಯಾಲಯವಾಗಲಿ, ಕೃಷಿ ವಿಶ್ವವಿದ್ಯಾಲಯವಾಗಲಿ, ಖಾಸಗಿ ಕಾಲೇಜುಗಳ ಧರ್ಮಸಂಸ್ಥೆಗಳಾಗಲಿ ಇಂದೇ ತೀರ್ಮಾನಿಸಿ ಬರೆದಿಡಲಿ: ಊರಿಗೆ ಸಂಬಂಧಿಸಿದ ಅಳತೆಯನ್ನು ಊರಿಗೆ ಹೇಳಿದ್ದಕ್ಕೆ ಯಾವ ಅಧ್ಯಾಪಕರಿಗೂ ವಿದ್ಯಾರ್ಥಿಗೂ ತೊಂದರೆಯಾಗದು ಎಂಬ ಒಂದು ವಾಕ್ಯದ ನಿಯಮ. ಕರ್ನಾಟಕದ ವಿಶ್ವವಿದ್ಯಾಲಯಗಳಿಗೂ ಇದೇ ಮಾತು. ಗದಗದಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್‌ಗೆಂದೇ ಒಂದು ವಿಶ್ವವಿದ್ಯಾಲಯ ಕಟ್ಟಿಕೊಂಡಿರುವ ರಾಜ್ಯ ನಮ್ಮದು. ಕೋಲಾರದ ಕೆರೆಯ ಲೆಕ್ಕವನ್ನು ಕೋಲಾರದ ಗ್ರಾಮಸಭೆಯಲ್ಲಿ ಕನ್ನಡದಲ್ಲಿ ಓದಿ ಹೇಳುವ ಪದ್ಧತಿ ಅಲ್ಲಿಂದಲೇ ಶುರುವಾಗಬಹುದು.

ಈಶಾನ್ಯ ಮಾರುತದ ಮಳೆ ಅಕ್ಟೋಬರಿಗೆ ಬರುತ್ತದೆ. ಹೊಳೆಗೆ ಹೊಸ ನೀರು ಬಂದು ಹಳೆಯ ಕೊಳೆ ತೆಳುವಾಗುವ ಮೊದಲು, ಬೇಸಗೆಯ ಕೊನೆಯ ನೀರನ್ನು ಒಮ್ಮೆ, ಮಳೆ ಮುಗಿದ ಮೇಲೆ ಇನ್ನೊಮ್ಮೆ ಅಳೆದರೆ ಮಾತ್ರ ಹೋಲಿಕೆಗೆ ಆಧಾರ ಸಿಗುತ್ತದೆ. ಈ ವರ್ಷದ ಮೊದಲ ಅಳತೆ ತಪ್ಪಿದರೆ ಲೆಕ್ಕ ಮುಂದಿನ ವರ್ಷಕ್ಕೆ ಹೋಗುತ್ತದೆ. ಸೂಲೂರಿನ ಸುತ್ತಲಿನ ಕಾಲೇಜುಗಳ ಪ್ರಾಂಶುಪಾಲರು ಈ ಸೆಮಿಸ್ಟರಿನ ವೇಳಾಪಟ್ಟಿ ಹಾಕುವಾಗಲೇ ಅದಕ್ಕೆ ಎರಡು ದಿನ ತೆಗೆದಿಡಲಿ.